ಕುಣಿಮಗ್ಗದ ಮನಿಯ ವಹಿ

ಬೆಟಗೇರಿಯ ನಮ್ಮ ಓಣ್ಯಾಗ ಮನಿ ಇಪ್ಪತ್ಮೂರು,
ನಿಚ್ಚಣಿಕಿ ಒಂದು.
ಮೌನೇಶ ಬಡಿಗೇರ ಮಾಡಿದ್ದು, ಹನ್ನೊಂದು ಮೆಟ್ಟಲ.
ಮ್ಯಾಲಿಂದ ನಾಕನೇದಕ್ಕ ಹಗ್ಗ ಸುತ್ತೇತಿ,
ಅಲ್ಲಿ ಕಾಲಿಡಬ್ಯಾಡ್ರಿ ಅಂತ ಹೊಸಬರಿಗೆ ಹೇಳಬೇಕು.

ತುಳಸಾಬಾಯಿ ಮೇರವಾಡೆ ಮಗ್ಗ ಮಾರಿದ ವರ್ಷ
ಕುಣಿ ಮಾತ್ರ ಉಳೀತು.
ಕುಣೀನ ಯಾರು ಕೊಳ್ತಾರ?
ನಲವತ್ತು ವರ್ಷ ಅದರಾಗ ಕಾಲು ಇಳಿಬಿಟ್ಟು
ಸೀರಿ ನೇದಾಕಿ,
“ಇದನ್ನ ಮುಚ್ಚೂದಂದ್ರ ನನ್ನ ಮುಚ್ಚಿದಂಗ” ಅಂದ್ಲು.
ಮುಚ್ಚಲಿಲ್ಲ. ಅದರ ಸುತ್ತ
ಒಂದೊಂದ ಸಾಮಾನು ಬಂದು ಕುಂತ್ವು:
ಗೋಡಿ ಕೊರಿಯೊ ಮಷೀನು,
ನೂರು ಮಂದಿಯ ಅನ್ನ ಹಿಡಿಯೊ ತಪೇಲಿ,
ಗಾಲಿಕುರ್ಚಿ, ರಾಜೇಸಾಬ ನದಾಫ
ತಾಯಿ ಮಣ್ಣಾದ ಮೂರನೇ ದಿನ
ತೊಳೆದು ಒಣಗಿಸಿ ತಂದಿಟ್ಟದ್ದು.
ಏಳು ಕೂಸು ಮಲಗಿ ಎದ್ದ ಒಂದು ತೊಟ್ಟಿಲ.
ಎಂಟನೇದು ಬರೂ ಶ್ರಾವಣಕ್ಕ.

ವಹಿ ನನ್ನ ಕೈಯಾಗ.
ಅಂಗನವಾಡಿ ಟೀಚರ ಇದ್ದಾಕಿ, ಅಕ್ಷರ ದುಂಡಗ.
ಯಾರು ಒಯ್ದರು, ಯಾವತ್ತು, ಯಾವಾಗ ತಂದರು.
“ಮುರದ್ರ ಹೇಳ್ರಿ, ಬೈಯೂದಿಲ್ಲ”
ಮೊದಲ ಪುಟದಾಗ ಇಷ್ಟ ಕಾನೂನು.

ತಪೇಲಿ ಹೋದಲ್ಲಿ ಮದುವಿ,
ನಿಚ್ಚಣಿಕಿ ಹೋದಲ್ಲಿ ಸೋರೂ ಮಾಳಿಗಿ.
ಗಾಲಿಕುರ್ಚಿ ಹೋದ ಮನಿಗೆ
ಸಂಜೀಕ ಯಾರರ ಹೋಗಿ ಕುಂತ ಬರತಾರ,
ಕರೀದನ.

ಟಾಂಗಾಕೂಟದ ಹಂತೇಕ ಹೊಸ ಅಂಗಡಿ ಆತು.
ಹಳೇದು ಕೊಟ್ಟು ಹೊಸಾದು ಒಯ್ಯಿರಿ, ತಿಂಗಳ ಕಂತು.
ಗಾಜಿನಾಗ ನನ್ನ ಮಾರಿ, ಮಾರಿ ಹಿಂದ
ಬೆಳ್ಳನ್ನ ಬೆಳಕಿನಾಗ ಸಾಲು ಹಚ್ಚಿ ನಿಂತ ಮಿಕ್ಸರು, ಫ್ರಿಜ್ಜು.
ನೋಡಲಿಲ್ಲ ಅಂತ ಸುಳ್ಳ ಯಾಕ ಹೇಳಲಿ?
ಕಂತಿನಾಗ ತಂದ ಮಿಕ್ಸರ ಐತಿ ನನ್ನ ಮನ್ಯಾಗ.
ವಾರಕ್ಕ ಎರಡ ಸಲ ತಿರಗತೈತಿ, ಉಳಿದ ದಿನ
ಅರಿವಿ ಹೊದ್ದು ಕುಂದರತೈತಿ
ಬೀಗತಿ ಬಂದಂಗ.

ಅದರ ಮಾತಲ್ಲ ನಾ ಹೇಳಬೇಕಂದದ್ದು.
ತಾಮ್ರದ ಹಂಡಿ.
ಥಂಡ್ಯಾಗ ಒಯ್ದೆ, ಮೊಮ್ಮಗಳಿಗೆ ಎರಿಯಾಕ.
ಎರದದ್ದಾತು. ಹುಣಸಿಹುಳಿ ಹಚ್ಚಿ ಬೆಳಗಿದ್ದಾತು.
ಆ ಹೊಳಪು ನೋಡಿದೆ ನೋಡ್ರಿ, ಅಲ್ಲೆ ಕೆಟ್ಟೆ.
ನಾಳೆ ಕೊಡೂಣು. ನಾಳೆ ಅಮಾಸಿ.
ನಾಡಿದ್ದು ನಳ ಬರೂ ದಿನ,
ಹನ್ನೆರಡ ದಿನಕ್ಕ ಒಮ್ಮೆ ಬರೂ ನೀರು
ಹಿಡಿಯಾಕ ಬೇಕಲ್ಲ?
ವಹಿಯಾಗ ಬರೀಲೂ ಇಲ್ಲ.
ಬರಿಯಾಕಿ ನಾನ.

ಮೂರು ತಿಂಗಳು.
ಕೇಳಿದವರಿಗೆ “ಯಾರೋ ಒಯ್ದಾರ ನೋಡ್ರಿ” ಅಂದೆ.
ನಂದು ಅನಿಸಿದ ಮ್ಯಾಲ
ಹಂಡಿ ಭಾರ ಆತು, ನೀರಿಲ್ಲದಾಗೂ.
ಬಚ್ಚಲಕ್ಕ ಅಗಳಿ ಹಾಕಾಕ ಹತ್ತಿದೆ.
ಮನಿಗೆ ಯಾರು ಬಂದ್ರೂ
ಮೊದಲ ಆ ಬಾಗಲಾ ನೋಡೂದು ನನ್ನ ಕಣ್ಣು.

ಬಸವಜಯಂತಿ ಮುಂದ ಲೆಕ್ಕಕ್ಕ ವಹಿ ತಗದರ
ಸೀಸಪೆನ್ಸಿಲ್ಲಿನ ಸೊಟ್ಟ ಸಾಲು, ನನ್ನದಲ್ಲದ ಅಕ್ಷರ:
“ಹಂಡಿ. ಅಕ್ಕೋರ ಮನಿ. ಥಂಡಿ ಇದ್ದಾಗ.”
ತಂದ ತಾರೀಖಿನ ಜಾಗ
ಖಾಲಿ ಬಿಟ್ಟಿತ್ತು.

ನದಾಫರ ಸಮೀನಾ.
ಉಸುಕಿನ ಮ್ಯಾಲ ಬೆರಳ ಹಿಡಿದು ತಿದ್ದಿಸಿದಾಕಿ ನಾನ.
“ಹ”ದ ಸುಳಿ ಇನ್ನೂ ಅಕಿಗೆ ಹೊರಳೂದಿಲ್ಲ.
ಬೈದಿರಲಿಲ್ಲ, ಓಣಿಗೆ ಸಾರಿರಲಿಲ್ಲ,
ಬರದಿಟ್ಟಿದ್ಲು, ಅಷ್ಟ.

ಕತ್ತಲಾದ ಮ್ಯಾಲ ಒಯ್ದಿಡು ಅಂತು ಮನಸು.
ಹಗಲ ಹೊಂಟೆ, ಟೊಂಕದ ಮ್ಯಾಲಿಟ್ಟು,
ಅಷ್ಟೂ ಬಾಗಲ ಮುಂದ ಹಾಯ್ದು.
ಮೌನೇಶ ನಿಚ್ಚಣಿಕಿ ಮಲಗಿಸಿ
ನಾಕನೇದಕ್ಕ ಹೊಸ ಕಟ್ಟಿಗಿ ಹೊಂದಸತಿದ್ದ,
ತಲಿ ಎತ್ತಿ “ಹಗೂರ ಅಕ್ಕೋರ” ಅಂದ.
ತುಳಸಾಬಾಯಿ ಕುಣಿಯಾಗ ಕಾಲು ಇಳಿಬಿಟ್ಟು
ಹಸಿ ಮೆಣಸಿನಕಾಯಿ ತುಂಬ ಬಿಡಸ್ತಿದ್ಲು,
ಗದ್ದಾ ಎತ್ತಿ ಜಾಗ ತೋರಿಸಿದ್ಲು.

ಪೆನ್ಸಿಲ್ಲಿನ ಸಾಲಿನ ಮ್ಯಾಲ ಶಾಯಿ ತಿದ್ದಿದೆ.
“ಹ”ದ ಸುಳಿ ಮಾತ್ರ ಹಂಗ ಬಿಟ್ಟೆ.
ತಾರೀಖು ಬರದೆ.
ಅದರ ಬುಡಕ ಇನ್ನೊಂದು ಸಾಲು:
ಮಿಕ್ಸರ ಒಂದು, ಬಿಳೇದು, ಎಲ್ಲಾರದು.
ಉಳಿದ ಏಳು ಕಂತು
ನಂದು.