ಎರಡು ಅಂಕದ ಪ್ರಶ್ನೆ

ಜವಾರಿ ಎಂದರೇನು?
ಬಿ.ಮ್ಯೂಸ್, ಮೂರನೇ ಸೆಮಿಸ್ಟರ್. ಎರಡು ಅಂಕ,
ಮೂರು ಸಾಲು ಮೀರಬಾರದು.

ನಮ್ಮೂರಾಗ ಕೇಳಿದ್ರ ಬದನಿಕಾಯಿ ತೋರಿಸ್ತಾರ,
ಗಿಡ್ಡ ಎಳಿಯ ಹತ್ತಿ ತೋರಿಸ್ತಾರ,
ಸೊಸಿ ಹುಡುಕಾಕ ಬಂದವ್ರಿಗೆ ನನ್ನನ್ನೂ ತೋರಿಸ್ಯಾರು.

ಧಾರವಾಡದ ಈ ಹಂಚಿನ ಕೋಣ್ಯಾಗ ಕಮಡೊಳ್ಳಿ ಸರ್
ತಂಬೂರಿಯ ಕುದುರಿ ಮ್ಯಾಲೆ ತಂತಿ ಎತ್ತಿ
ತಳಗ ನೂಲಿನ ಒಂದೆಳಿ ಸರಸ್ತಾರ,
ಹಿಂದ, ಮುಂದ, ಮತ್ತ ಕೂದಲಷ್ಟು ಹಿಂದ.
ಸತ್ತಂಗಿದ್ದ ತಂತಿ ಜುಂಯ್ ಅಂತ ಬಾಯಿ ಬಿಡತೈತಿ.
"ಇದಕ್ಕ ಜೀವಾ ಅಂತಾರ, ಬರಕೋ."

ಬರಕೊಳ್ಳಲಿಲ್ಲ.
ನಮ್ಮಜ್ಜ ಇಮಾಮಸಾಬ, ಮುಳಗುಂದದ ಪಿಂಜಾರ,
ಗಾದಿ ಮಾಡಾಕ ಮನಿ ಮನಿ ತಿರುಗಾಂವ,
ಬಿಲ್ಲಿನ ನರಕ್ಕ ಕೊಡತಿ ಬಡದು
ಮದಲ ಕಿವಿಗೊಟ್ಟು ಕೇಳಾಂವ:
"ಇನ್ನಾ ಬಿಗಿ ಇಲ್ಲ."
ಆಮ್ಯಾಲ ಹತ್ತಿ.
ನಾ ಬಾಗಲದಾಗ ಕುಂತು, ಮೂಗಿನ ತುಂಬ ಅರಳಿ,
ಬಾಯಿ ಮುಚ್ಚಿ ಆ ಸದ್ದಿಗೆ ಹೂಂ ಅನ್ನತಿದ್ದೆ.
ಫೋಮಿನ ಗಾದಿ ಬಂದು ಬಿಲ್ಲು ಅಟ್ಟ ಸೇರಿತು.

ಹಾಸ್ಟೆಲಿನಾಗ ಒಂಬತ್ತರ ಮ್ಯಾಲೆ ಹಾಡಂಗಿಲ್ಲ.
ನೀರಿನ ಟಾಕಿ ಹಿಂದ ನಿಂತು ಖರಜ ಹಚ್ಚತೇನಿ,
ಮೋಟರು ಕಾಳಿ ಎರಡರ ಹತ್ತರ ಗುಂಯ್ಗುಡತೈತಿ,
ಪೂರಾ ಸೇರಂಗಿಲ್ಲ.
ಕೆಮಿಸ್ಟ್ರಿ ಓದೋ ಸುಜ್ಞಾನಿ ಕೇಳತಾಳ:
"ಇದನ್ನ ಕಲತು ಏನಾಗತಿ?"
ಕೆಮ್ಮು ಬಂತು. ಅದೇ ಉತ್ತರ ಅಂದ್ಕೊಂಡ್ಲು.

ಪರೀಕ್ಷೆ ಹಾಲಿನಾಗ ಶುದ್ಧ ಭಾಷೆಯಲ್ಲಿ ಬರೆದೆ:
'ತಂತಿಯ ಕೆಳಗೆ ನೂಲಿನ ಎಳೆಯನ್ನಿಟ್ಟಾಗ
ಹುಟ್ಟುವ ತುಂಬು ನಾದ.'
ನೂಲಿಗೆ ಹತ್ತಿ ಹಿಂಜಿದಾಂವ ಯಾರು ಅಂತ
ಕೇಳಿಲ್ಲ. ಒಂದು ಸಾಲು ಖಾಲಿ ಉಳದೈತಿ.
ಒಂದೂವರಿ ಕೊಟ್ಟಾರು.