ಮುಯ್ಯಿ

ರಾತ್ರಿ ಹತ್ತೂಮುಕ್ಕಾಲಿಗೆ ಕೊಟ್ರಬಸಣ್ಣನ ಫೋನು:
“ನೂರಾ ಇಪ್ಪತ್ತು ಎಲೆ ಉಳಿದಾವಪ, ಲಗೂನ ಬಾ.”
ಅಡುಗೆಯವರ ಲೆಕ್ಕವೇ ಹಾಗೆ.
ಉಳಿದ ಅನ್ನವನ್ನು ಸೇರಿನಲ್ಲಿ ಅಳೆಯುವುದಿಲ್ಲ,
ಬಾರದೇ ಹೋದವರಲ್ಲಿ ಅಳೆಯುತ್ತಾರೆ.

ಆಟೋದ ಹಿಂದಿನ ಸೀಟು ಬಿಚ್ಚಿಟ್ಟು ಹೊರಟೆ.
ಮಂಟಪದ ಹಿಂಬಾಗಿಲ ನಾಯಿಗಳು ನನ್ನ ಗುರುತು ಹಿಡಿದು
ಬೊಗಳುವುದು ಬಿಟ್ಟಿವೆ. ಬಾಲವನ್ನೂ ಅಲ್ಲಾಡಿಸುವುದಿಲ್ಲ:
ಇವನು ಬಂದರೆ ತಮ್ಮ ಪಾಲು ಕಮ್ಮಿ, ಗೊತ್ತು ಅವಕ್ಕೆ.

ಕೊಟ್ರಬಸಣ್ಣ ಮುಚ್ಚಳ ತೆಗೆದು ಮೂಸಿದ,
ಸಾಂಬಾರು ಅಂಗೈಗೆ ಬಿಟ್ಟುಕೊಂಡು ನೆಕ್ಕಿದ,
ಕೋಸಂಬರಿಯ ಬೋಗುಣಿ ಪಕ್ಕಕ್ಕೆ ಸರಿಸಿದ.
“ಇದು ಬ್ಯಾಡ, ಹುಳಿ ಹತ್ತೈತೆ.
ನಮ್ಮ ಬಾಯಿಗೆ ಆಗದ್ದು ಯಾರ ಬಾಯಿಗೂ ಬ್ಯಾಡ.”
ಗೋಧಿ ಹುಗ್ಗಿ ಇನ್ನೂ ಬೆಚ್ಚಗಿತ್ತು.

ಚಿಗಟೇರಿ ಆಸ್ಪತ್ರೆ. ಹೆರಿಗೆ ವಾರ್ಡಿನ ಹೊರಗಿನ ಜಗಲಿ.
ಚಾಪೆ, ಫ್ಲಾಸ್ಕು, ತಲೆದಿಂಬಾದ ಬಟ್ಟೆಗಂಟು.
ಒಳಗೆ ಮಲಗಿದವರಿಗೆ ಹಾಲು, ಬ್ರೆಡ್ಡು ಬರುತ್ತದೆ;
ಹೊರಗೆ ಕಾಯುವವರಿಗೆ
ಬಿಸ್ಕತ್ತೇ ಊಟ, ನೀರೇ ಪಲ್ಯ.

ಎಲ್ಲರೂ ತಟ್ಟೆ ಹಿಡಿದರು. ಜಗಳೂರು ಕಡೆಯ ತಿಪ್ಪಮ್ಮ ಮಾತ್ರ
ತಟ್ಟೆಯನ್ನು ಎದೆಗೆ ಒತ್ತಿಕೊಂಡೇ ಕೇಳಿದಳು:
“ಯಾರ ಮದುವಿ ಊಟ ಯಪ್ಪಾ ಇದು?”
ಗೊತ್ತಿಲ್ಲ ಅಂದೆ.
“ಹೆಸರು ಗೊತ್ತಿಲ್ದ ಹೆಂಗ ಉಣ್ಣದು?
ಕರೀದಿದ್ರೂ ಹೋದ್ವಿ ಅಂತಿಟ್ಕ,
ಬರೀ ಕೈಲಿ ಹೋಗಾಕಾಗ್ತೈತಾ?”
ಸೆರಗಿನ ಗಂಟು ಬಿಚ್ಚಿದಳು. ಹತ್ತರ ನೋಟು,
ಅದರ ಮೇಲೆ ಒಂದು ರೂಪಾಯಿ ಬಿಲ್ಲೆ.
“ಮುಯ್ಯಿ ಇದು. ಮುಟ್ಸು.”
ಆಮೇಲೆಯೇ ತಟ್ಟೆ ಒಡ್ಡಿದಳು.
ಹುಗ್ಗಿ ಇನ್ನೊಂದು ಸೌಟು ಹಾಕಿಸಿಕೊಂಡಳು,
ಥೇಟು ಬೀಗರ ಗತ್ತಿನಲ್ಲಿ.

ಖಾಲಿ ಕೊಳಗ ಒಪ್ಪಿಸಲು ಮರಳಿದಾಗ ಒಂದು ಗಂಟೆ.
ದೀಪದ ಸರ ಇಳಿಸುತ್ತಿದ್ದರು.
ಬಾಗಿಲ ಥರ್ಮಾಕೋಲಿನಿಂದ ಹುಡುಗಿಯ ಹೆಸರು ಪೂರ್ತಿ ಕಿತ್ತಿದ್ದರು;
ಹುಡುಗನದರಲ್ಲಿ ಉಳಿದದ್ದು ಕೊನೆಯ ‘ಶ’ ಒಂದೇ.
ದಾವಣಗೆರೆಯ ಅರ್ಧ ಹುಡುಗರು ಆ ‘ಶ’ದಲ್ಲೇ ಮುಗಿಯುತ್ತಾರೆ.
ಮುಯ್ಯಿ ಬರೆಯುವ ಟೇಬಲ್ಲು
ಕಾಲು ಮಡಚಿಕೊಂಡು ಗೋಡೆಗೆ ಒರಗಿತ್ತು.

ಹನ್ನೊಂದು ರೂಪಾಯಿ ಈಗಲೂ ಮೀಟರಿನ ಹಿಂದೆ ಇದೆ.
ಗ್ಯಾಸಿಗೆ ಕಮ್ಮಿ ಬಿದ್ದ ದಿನವೂ ಮುಟ್ಟಿಲ್ಲ.
ಅವತ್ತಿನಿಂದ, ಫೋನು ಬಂದಾಗಲೆಲ್ಲ,
ಮೊದಲು ಮುಂಬಾಗಿಲಿಗೆ ಹೋಗುತ್ತೇನೆ.
ಎರಡೂ ಹೆಸರು ಓದಿ, ಬಾಯಿಪಾಠ ಮಾಡಿಕೊಂಡು
ಆಮೇಲೆ ಆಟೋ ಹಿಂದಕ್ಕೆ ತಿರುಗಿಸುತ್ತೇನೆ.
ಯಾರಾದರೂ ಕೇಳಿಯಾರು.