ಎಂಟು ನಿಮಿಷದ ಬಣ್ಣ

ಪಿಟ್ಸ್‌ಬರ್ಗಿನಲ್ಲಿ ನಮ್ಮ ಬೀದಿ ಗುಡ್ಡಕ್ಕೆ ಒರಗಿಸಿಟ್ಟ ಏಣಿ.
ಮೇಲಿನ ಮೆಟ್ಟಿಲಲ್ಲಿ ಒಡೆಸ್ಸಾ ಟಿಬ್ಸ್, ಕೆಳಗಿನದರಲ್ಲಿ ನಾವು.
ಮಾರ್ಚಿಯ ಒಂದು ಮಧ್ಯಾಹ್ನ, ಮಳೆ ಧೋ ಎನ್ನುವಾಗ
ಆಕೆ ಕೊಡೆ ಹಿಡಿದು ತನ್ನ ಮನೆಗೇ ಸುತ್ತು ಹಾಕುತ್ತಿದ್ದಳು,
ಒಂದು, ಎರಡು, ಮೂರು.
ಕಿಟಕಿಗೆ ಮೂಗೊತ್ತಿ ನಾನು ಎಣಿಸಿದೆ. ಒಂಬತ್ತು ವರ್ಷ ನನಗೆ.
"ತಲೆ ಕೆಟ್ಟಿದೆ ಅವಳಿಗೆ," ಎಂದಳು ಅಜ್ಜಿ ಲುದ್ಮಿಲಾ.
ಎಂದವಳು ಆಲೂಗಡ್ಡೆ ಸುಲಿಯುವುದು ಬಿಟ್ಟು ತಾನೂ ಬಂದು ನೋಡಿದಳು.

ಆಮೇಲೆ ಬೇಲಿಯಾಚೆಯಿಂದ ಕೂಗು:
"ಓರೆಸ್ಟ್, ಕಣ್ಣು ಚುರುಕಿದೆಯೇನೋ? ಬಾ ಇಲ್ಲಿ.
ಒಣಗಿದ ದಿನ ಕೇಳಿದರೆ ನೀರು ಬಾಯಿ ಬಿಡುವುದಿಲ್ಲ,
ಕಲೆ ಬಿಟ್ಟು ಹೋಗಿರುತ್ತದೆ ಅಷ್ಟೆ.
ಹಿಡಿಯುವುದಿದ್ದರೆ ಓಡುವಾಗಲೇ ಹಿಡಿಯಬೇಕು."

ಆಕೆಯ ನೆಲಮಾಳಿಗೆಯಲ್ಲಿ ವಾಷಿಂಗ್ ಮಶೀನು
ಇಟ್ಟಿಗೆಗಳ ಮೇಲೆ ನಿಂತಿತ್ತು, ಲಂಗ ಎತ್ತಿ ಹಿಡಿದವಳಂತೆ.
ಮೂಲೆಯ ಗೋಡೆಗೆ ಅವಳ ಅಣ್ಣ ಲೂಶಿಯಸ್
ಹನ್ನೊಂದು ಬೇಸಿಗೆ ಬಿಳಿ ಬಳಿದಿದ್ದ,
ನೀರು ತಡೆಯುವ ಬಣ್ಣ; ಡಬ್ಬಿಯ ಮೇಲೆ ಹಾಗಂತ ಬರೆದಿತ್ತು.
ಪ್ರತಿ ಚಳಿಗಾಲ ಅದು ಹಪ್ಪಳದ ಹಾಗೆ ಉಬ್ಬಿ, ಸಿಡಿದು, ನೆಲಕ್ಕುದುರುತ್ತಿತ್ತು.
ಪ್ರತಿ ಸಲ ಅವನದೊಂದೇ ಮಾತು: ಇನ್ನೊಂದು ಕೋಟು ಬೇಕಿತ್ತು.

ನನ್ನ ಕೈಗೆ ಟಾರ್ಚು ಕೊಟ್ಟು ಆ ಗೋಡೆಯೆದುರು ಕೂರಿಸಿ
ಆಕೆ ಹೊರಗೆ ಹೋದಳು.
ಸೂರಿನ ದೋಣಿಯಿಂದ ಇಳಿದ ಕೊಳವೆ ಅಲ್ಲಿ, ಗೋಡೆಯ ಬುಡದಲ್ಲೇ,
ಹಳೆಯ ಮಣ್ಣಿನ ಪೈಪೊಂದರ ಬಾಯಿಗೆ ಸೇರುತ್ತಿತ್ತು.
ಆಮೇಲೆ ಎಲ್ಲಿಗೆ?
ಕೇಳಿದವರಿಲ್ಲ. ಗಟಗಟ ಕುಡಿಯುತ್ತಿತ್ತಲ್ಲ, ಸಾಕು.
ಕೇಕಿಗೆ ಹಾಕುವ ಕೆಂಪು ಬಣ್ಣದ ಸೀಸೆಯನ್ನು
ಆ ಬಾಯಿಗೆ ಪೂರ್ತಿ ಬಗ್ಗಿಸಿದಳು.

ಎಂಟು ನಿಮಿಷ.
ಬಿಳಿಯಲ್ಲಿ ಮೊದಲು ಒಂದು ಗುಲಾಬಿ ಗೆರೆ, ಕೂದಲೆಳೆಯಷ್ಟು.
ಆಮೇಲೆ ಓಕುಳಿ.
ನಾನು ಕಿರುಚಿದ್ದು ಮೂರನೇ ಮನೆಗೆ ಕೇಳಿತಂತೆ.
ಲೂಶಿಯಸ್ ಮೆಟ್ಟಿಲಿಳಿದು ಬಂದ, ಬೆರಳಿಟ್ಟ, ಬೆರಳು ನೋಡಿಕೊಂಡ.
ಹನ್ನೊಂದು ವರ್ಷ ತಾನು ಬಳಿದದ್ದು ಗೋಡೆಯ ತಪ್ಪು ಮಗ್ಗುಲಿಗೆ
ಎಂದು ಯಾರೂ ಅವನಿಗೆ ಹೇಳಬೇಕಾಗಲಿಲ್ಲ.

ಒಂದಂಗುಲ ಮಳೆಗೆ, ಆ ಕಡೆಯ ಸೂರೊಂದರಿಂದಲೇ,
ಸಾವಿರದ ಇನ್ನೂರು ಲೀಟರು; ಪೆನ್ಸಿಲ್ಲಿನಲ್ಲಿ ಲೆಕ್ಕ ಹಾಕಿ ತೋರಿಸಿದಳು.
ಹನಿಗೂಡಿ ಹಳ್ಳವಾಗಲಿ, ಬೇಡ ಎಂದವರಾರು,
ಬುನಾದಿಯ ಕಾಲಬುಡದಲ್ಲಿ ಬೇಡ.
ಹಳೆಯ ಪೈಪಿನ ಬಾಯಿ ಮುಚ್ಚಿ, ಮೊಣಕೈಯಂಥ ತಿರುವು ಕೂರಿಸಿ
ಹತ್ತು ಅಡಿ ಕೊಳವೆ ಎಳೆದಳು, ಅಡಿಗೆ ಕಾಲಂಗುಲ ಇಳಿಜಾರು.
ಗೋಡೆಗೊತ್ತಿ ಜೇಡಿಮಣ್ಣು ಬಡಿದಳು,
ಬಂದ ನೀರು ಮನೆಗೆ ಬೆನ್ನು ಹಾಕಿ ನಡೆಯುವಂತೆ.

ಹತ್ತನೆಯ ಅಡಿ ಬಂದು ನಿಂತದ್ದು ನಮ್ಮ ಬೇಲಿಗೆ,
ಅಜ್ಜಿಯ ಬೆಳ್ಳುಳ್ಳಿ ಮಡಿಯ ನೆತ್ತಿಗೆ.

ಒಡೆಸ್ಸಾ ಕದ ತಟ್ಟಿದಳು. ಹದಿನಾಲ್ಕು ವರ್ಷದ ನೆರೆಯಲ್ಲಿ ಅದೇ ಮೊದಲು.
"ನನ್ನ ನೀರು ನಿಮ್ಮ ಕಡೆ ಬರುತ್ತದೆ. ಏನು ಮಾಡೋಣ?"
ಅಜ್ಜಿ ಬಹಳ ಹೊತ್ತು ಅವಳ ಕೆಸರಿನ ಬೂಟು ನೋಡಿದಳು.
"ಇಷ್ಟು ದಿನ ಯಾರ ಕಡೆ ಬರುತ್ತಿತ್ತು ಅಂದುಕೊಂಡೆ?" ಎಂದು
ನೆಲಮಾಳಿಗೆಯ ಬಾಗಿಲು ತೆರೆದಳು.
ನಮ್ಮ ವಾಷಿಂಗ್ ಮಶೀನೂ ಇಟ್ಟಿಗೆಗಳ ಮೇಲೆ.

ಎರಡೂ ಮನೆಯ ನೀರು ಬೇಲಿಯುದ್ದಕ್ಕೂ
ಜಲ್ಲಿ ತುಂಬಿದ ಕಾಲುವೆಯಲ್ಲಿ ಹಿತ್ತಲ ತಗ್ಗಿಗಿಳಿಯತೊಡಗಿತು.
ತೋಡಿದವನು ಲೂಶಿಯಸ್, ಮಾತಿಲ್ಲದೆ, ಮೂರು ಶನಿವಾರ.
ಕಲ್ಲು ಹೊತ್ತದ್ದಕ್ಕೆ ನನಗೆ ಒಂದಿಡೀ ಕೇಕು ಸಿಕ್ಕಿತು, ಬಿಳಿಯದು.
ಬಣ್ಣ ಮುಗಿದಿತ್ತು.